ಕೋಟು ಕೋಣೆಯ ಪಕ್ಕದ ಚಿತ್ರ

ಮಾರ್ಚ್ 3, ಮಂಗಳವಾರ

ಇವತ್ತು ಗ್ಯಾಲರಿಯಲ್ಲಿ ನಾನು ಚಿತ್ರ ತೋರಿಸಿದ್ದು ಎರಡು ತಂಡಕ್ಕೆ. ಎರಡನೆಯದು ನದಿಯಾಚೆಯ ಶಾಲೆಯ ಟೀಚರುಗಳದ್ದು. ಹೊರಡುವಾಗ ಒಬ್ಬಾಕೆ ನನ್ನ ಕೈ ಹಿಡಿದುಕೊಂಡು, "ಚಿತ್ರ ನೋಡೋದು ಹೇಗೆ ಅಂತ ನಮಗೆ ಯಾರೂ ಹೀಗೆ ಕಲಿಸಿರ್ಲಿಲ್ಲ" ಅಂದಳು. ಆ ಖುಷಿಯಲ್ಲೇ ಮನೆಗೆ ಬಂದರೆ ನನ್ನ ಗಂಡ ಡೆಲ್ಮರ್ ಅಡುಗೆಮನೆ ಮೇಜಿನ ಮುಂದೆ ಕೂತು, ಏನೋ ಗುಟ್ಟಿಟ್ಟುಕೊಂಡವನ ಹಾಗೆ ನಗುತ್ತಿದ್ದ.

"ಸದಸ್ಯರ ಪ್ರದರ್ಶನಕ್ಕೆ ಈ ಸಲ ನಾನೂ ಒಂದು ಕೊಡ್ತೀನಿ ಕಣೆ."

"ಏನು ಕೊಡ್ತೀಯ?"

"ಚಿತ್ರ. ಇನ್ನೇನು, ಉಪ್ಪಿನಕಾಯಿ ಕೊಡ್ತಾರಾ ಅಲ್ಲಿಗೆ?"

ನಮ್ಮ ಗ್ಯಾಲರಿಯ ಹಳೆಯ ಪದ್ಧತಿ ಇದು. ವರ್ಷಕ್ಕೊಮ್ಮೆ ಸದಸ್ಯರಾದ ಯಾರು ಬೇಕಾದರೂ ಒಂದು ಚಿತ್ರ ತಂದು ಕೊಡಬಹುದು. ಆರಿಸುವ ಹಾಗಿಲ್ಲ, ಬೇಡ ಅನ್ನುವ ಹಾಗಿಲ್ಲ, ಬಂದದ್ದನ್ನೆಲ್ಲ ಗೋಡೆಗೆ ಹಾಕಬೇಕು. ಅದಕ್ಕೇ ಹಲ್ಲಿನ ಡಾಕ್ಟರ ಬಾತುಕೋಳಿಗಳು, ಪಾದ್ರಿಯ ಹೆಂಡತಿಯ ಸೂರ್ಯಾಸ್ತಗಳು ವರ್ಷವರ್ಷವೂ ತಪ್ಪದೆ ಬರುತ್ತವೆ. ನಾವು ಗೈಡುಗಳು ಒಳಗೊಳಗೇ ನಕ್ಕು ಹೊರಗೆ ಗಂಭೀರವಾಗಿ ನಿಲ್ಲುತ್ತೇವೆ. ಡೆಲ್ಮರ್ ಸದಸ್ಯನಾದದ್ದು ನನ್ನಿಂದಲೇ. ಯಾವಾಗಲಾದರೂ ಜೊತೆಗೆ ಬರಲಿ ಎಂದು ಕ್ರಿಸ್‌ಮಸ್‌ಗೆ ಅವನ ಹೆಸರಲ್ಲೂ ಸದಸ್ಯತ್ವ ಮಾಡಿಸಿದ್ದೆ. ಈಗ ಬರುತ್ತಾನಂತೆ, ಚಿತ್ರ ಹೊತ್ತುಕೊಂಡು!

ಮಾರ್ಚ್ 4, ಬುಧವಾರ

ನೋಡಿದೆ. ನೋಡಬಾರದಿತ್ತು.

ಹೋದ ಅಕ್ಟೋಬರಿನಲ್ಲಿ ಚಳಿ ತಡೆಯಲೆಂದು ಕಿಟಕಿಯ ಮೇಲೆ ಇನ್ನೊಂದು ಗಾಜಿನ ಕಿಟಕಿ ಎತ್ತಿ ಕೂರಿಸಲು ಹೋಗಿ ಸೊಂಟ ಉಳುಕಿಸಿಕೊಂಡ. ಗಟ್ಟಿ ನೆಲದ ಮೇಲೇ ಮಲಗಿ ಎಂದರು ಡಾಕ್ಟರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ, ನವೆಂಬರ್ ಕೊನೆಯವರೆಗೂ, ಅಡುಗೆಮನೆಗೆ ತೆರೆದುಕೊಂಡ ಹಜಾರದಲ್ಲಿ ತೆಳ್ಳನೆ ಹಾಸಿಗೆ ಹಾಸಿಕೊಂಡು ಬಿದ್ದಿದ್ದ. ಎದ್ದ ಮೇಲೆ ಈ ಹುಚ್ಚು ಹತ್ತಿತು. ಕಾಗದದ ಕಾರ್ಖಾನೆಯಲ್ಲಿ ಜೀವಮಾನ ಕಳೆದವನು, ಚಿತ್ರಕಲೆಯ ಗಂಧಗಾಳಿಯೂ ಇಲ್ಲ. ಬರೆದಿರುವುದು ಪ್ಲೈವುಡ್ ತುಂಡಿನ ಮೇಲೆ. ಬಳಿದಿರುವುದು ಅಡುಗೆಮನೆ ಗೋಡೆಗೆ ಬಳಿದು ಡಬ್ಬಿಯಲ್ಲಿ ಉಳಿದಿದ್ದ ಹಳದಿ.

ಚಿತ್ರದಲ್ಲಿರುವುದೂ ನಮ್ಮ ಅಡುಗೆಮನೆಯೇ. ಬಾಗಿಲ ಹತ್ತಿರ ಒಬ್ಬ ಹೆಂಗಸು, ನೀಲಿ ಕೋಟು, ತೋಳಲ್ಲಿ ಬ್ಯಾಗು, ಬೆನ್ನು ನಮ್ಮ ಕಡೆ. ಬೂಟುಗಳು ದೋಣಿಯಷ್ಟು, ತಲೆ ನಿಂಬೆಹಣ್ಣಿನಷ್ಟು. ಮುಂದುಗಡೆ ಮೇಜು. ಅದರ ಕಾಲುಗಳು ಮರದ ಬೊಡ್ಡೆಗಳ ಹಾಗೆ ದಪ್ಪ. ಹೋಗಲಿ ಅಂದರೆ ಮೇಜಿನ ಅಡಿಭಾಗ ಪೂರ್ತಿ ಕಾಣುತ್ತದೆ, ಮೇಲ್ಭಾಗ ಕಾಣುವುದೇ ಇಲ್ಲ! ಅಂಚಿನಲ್ಲಿ ಒಂದು ಬೆಳ್ಳಿ ಗೆರೆ ಮಾತ್ರ, ಯಾಕೆಂದು ದೇವರೇ ಬಲ್ಲ.

"ಇದು ನಾನಾ?" ಅಂದೆ.

"ಮತ್ತೆ ಯಾರು? ಆ ಕೋಟು ಊರಲ್ಲಿ ಇನ್ಯಾರ ಹತ್ರ ಇದೆ?"

"ಮೇಜಿನ ಅಡಿ ಯಾಕೆ ಕಾಣ್ಬೇಕು ಡೆಲ್? ಯಾರಾದ್ರೂ ಮೇಜನ್ನ ಹಾಗೆ ನೋಡ್ತಾರಾ?"

ಕುಂಚ ಒರೆಸುತ್ತಾ, "ಕಂಡ ಹಾಗೆ ಬರ್ದೆ" ಅಂದ. ಹೆಸರು ಕೇಳಿದೆ. 'ಮಂಗಳವಾರ' ಅಂತೆ.

ಮಾರ್ಚ್ 9, ಸೋಮವಾರ

ಅವನ ಬಾಯಿಂದಲೇ ಬೇಡ ಅನ್ನಿಸಲು ಎಲ್ಲ ರೀತಿಯಲ್ಲೂ ನೋಡಿದೆ. ಮುಂದಿನ ವರ್ಷ ಕೊಡು ಅಂದೆ. ಯಾವುದಾದರೂ ತರಗತಿಗೆ ಸೇರು ಅಂದೆ. ಪ್ಲೈವುಡ್ ಭಾರ, ಮೊಳೆ ತಡೆಯಲ್ಲ ಅಂದೆ. "ಮೊಳೆ ನಾನೇ ಹೊಡ್ಕೊಡ್ತೀನಿ" ಅಂದ.

ನನ್ನ ಸಂಕಟ ಅವನಿಗೆ ಅರ್ಥವಾಗುವುದಿಲ್ಲ. ಈ ಊರಲ್ಲಿ ನಾನು ಏನಾದರೂ ಆಗಿದ್ದರೆ ಅದು ಗ್ಯಾಲರಿಯಲ್ಲಿ ಗೈಡಾಗಿ ನಿಲ್ಲುವ ಮಂಗಳವಾರಗಳಿಂದ. ಅವನು ನೆಲ ಹಿಡಿದಿದ್ದ ವಾರಗಳಲ್ಲೂ ಒಂದು ಮಂಗಳವಾರ ತಪ್ಪಿಸಲಿಲ್ಲ ನಾನು. ಹಾಗೆಂದು ಅವನನ್ನು ಉಪವಾಸ ಹಾಕಿಯೂ ಹೋಗಲಿಲ್ಲ. ಬೆಳಿಗ್ಗೆ ಎದ್ದು ಮಾಂಸ ಆಲೂಗಡ್ಡೆ ಬೇಯಿಸಿ, ಬೆಕ್ಕು ಬಾಯಿ ಹಾಕದ ಹಾಗೆ ಮೇಜಿನ ಮೇಲೆ ಮುಚ್ಚಿಟ್ಟೇ ಹೊರಡುತ್ತಿದ್ದೆ. ಎಷ್ಟೋ ಸಲ ಸಂಜೆ ಬಂದರೆ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು. ಯಾಕೆ ಅಂದರೆ ಹಸಿವಿರಲಿಲ್ಲವಂತೆ. ಬೈದುಕೊಂಡು ಕೊನೆಗೆ ಬೆಕ್ಕಿಗೇ ಹಾಕುತ್ತಿದ್ದೆ. ಅಷ್ಟೆಲ್ಲ ಮಾಡಿದವಳಿಗೆ ನಿಂಬೆಹಣ್ಣಿನ ತಲೆ.

ಮಾರ್ಚ್ 13, ಶುಕ್ರವಾರ

ಚಿತ್ರ ತಲುಪಿಸಿದ. ಕಾರ್ಖಾನೆಯ ಹಳೇ ಕಂಬಳಿಯಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬಂದು ಕೊಟ್ಟು ಹೋದ.

ಅವನು ಹೋದ ಮೇಲೆ ಥಿಯಾ ನನ್ನ ಹತ್ತಿರ ಬಂದಳು. ಯಾವ ಚಿತ್ರ ಯಾವ ಗೋಡೆಗೆ ಎಂದು ತೀರ್ಮಾನಿಸುವವಳು ಅವಳೇ. "ಮಾರ್ವಾ, ನಿಮ್ಮೆಜಮಾನ್ರ ಚಿತ್ರ ಮೆಟ್ಟಿಲೆದುರಿನ ದೊಡ್ಡ ಗೋಡೆಗೆ ಹಾಕೋಣ ಅಂತಿದೀನಿ" ಅಂದಳು. ಬಾಗಿಲು ದಾಟಿದವರಿಗೆಲ್ಲ ಮೊದಲು ಕಾಣುವ ಗೋಡೆ ಅದು.

"ಬೇಡಮ್ಮಾ. ಅವನಿಗೆ ಮುಜುಗರ ಆಗುತ್ತೆ. ಎಲ್ಲಾದ್ರೂ ಮೂಲೇಲಿ ಹಾಕು, ಕೋಟು ಕೋಣೆ ಪಕ್ಕ."

"ಅವರೇ ಹಾಗಂದ್ರಾ?"

"ಹೂಂ."

ನಮ್ಮ ಗ್ಯಾಲರಿ ಹಿಂದೆ ಬ್ಯಾಂಕಾಗಿತ್ತು. ಆಗಿನ ತಿಜೋರಿ ಕೋಣೆಯೇ ಈಗ ಕೋಟು ತೂಗುಹಾಕುವ ಕೋಣೆ. ಅದರ ಕಬ್ಬಿಣದ ಬಾಗಿಲಿನ ಪಕ್ಕ, ಒದ್ದೆ ಕೊಡೆಗಳ ಬುಟ್ಟಿಯ ಮೇಲೆ, ಡೆಲ್ಮರ್‌ನ ಚಿತ್ರ ಗೋಡೆ ಹತ್ತಿತು. ಒಂದು ಹೂಂ ಅನ್ನುವುದು ಎಷ್ಟು ಸುಲಭ!

ಮಾರ್ಚ್ 20, ಶುಕ್ರವಾರ

ಉದ್ಘಾಟನೆ. ಮಗಳ ಮದುವೆಯಲ್ಲಿ ಕಟ್ಟಿದ್ದ ಟೈ ಕಟ್ಟಿಕೊಂಡು ಬಂದಿದ್ದ. ದೊಡ್ಡ ಗೋಡೆ ನೋಡಿದ, ಮೆಟ್ಟಿಲು ಹತ್ತಿ ಮೇಲೆಲ್ಲ ನೋಡಿದ, ಕೊನೆಗೆ ಕೆಳಗೆ ಬಂದು ಕೊಡೆಗಳ ಹತ್ತಿರ ತನ್ನದನ್ನು ಕಂಡ. ನಾನು ಬುಟ್ಟಿಯ ಕೊಡೆಗಳನ್ನು ಸರಿಮಾಡುತ್ತಾ ನಿಂತಿದ್ದೆ.

"ಒಳ್ಳೇ ಜಾಗ ಕಣೆ. ಕೋಟು ಬಿಚ್ಚೋಕೆ ಎಲ್ಲಾರೂ ಇಲ್ಲಿಗೆ ಬರ್ಲೇಬೇಕಲ್ಲ."

ಅಲ್ಲೇ ಚಿತ್ರದ ಪಕ್ಕ ಕೈಕಟ್ಟಿ ನಿಂತ. ಯಾರಾದರೂ ಏನಾದರೂ ಕೇಳಿದರೆ ಹೇಳೋಣ ಎಂದು. ಯಾರೂ ಕೇಳಲಿಲ್ಲ. ಟೈ ಕಟ್ಟಿಕೊಂಡು ಕೋಟು ಕೋಣೆಯ ಬಾಗಿಲಲ್ಲಿ ನಿಂತವನನ್ನು ಕಂಡು ಒಬ್ಬರು ಕೋಟು ಕೊಟ್ಟರು. ಅವನು ಒಳಗೆ ಹೋಗಿ ತೂಗುಹಾಕಿ ಬಂದ. ಹಿಂದೆಯೇ ಇನ್ನೊಬ್ಬರು ಕೊಟ್ಟರು. ಆಮೇಲೆ ಕಾನ್‌ಸ್ಟನ್ಸ್ ಬಂದಳು. ಶಿಕಾಗೊದಿಂದ ಬಂದು ಇಲ್ಲಿ ನೆಲೆಸಿದ ಡಾಕ್ಟರ ಹೆಂಡತಿ, ನನ್ನ ಜೊತೆಯ ಗೈಡು, ಚಿತ್ರದ ವಿಷಯದಲ್ಲಿ ನಾನು ಮೆಚ್ಚಿಸಬೇಕೆಂದುಕೊಳ್ಳುವ ಒಬ್ಬಳೇ ಹೆಂಗಸು. ನನ್ನ ಜೊತೆ ಮಾತಾಡುತ್ತಲೇ ಕೋಟು ಕಳಚಿ, ಮುಖ ಕೂಡ ನೋಡದೆ ಅವನ ತೋಳಿಗೆ ಹಾಕಿ, ಕೈಯಲ್ಲಿ ಒಂದು ಡಾಲರ್ ನೋಟು ಇಟ್ಟಳು.

ಇವನು ನನ್ನ ಗಂಡ ಎಂದು ಹೇಳಲು ಎಷ್ಟು ಹೊತ್ತು ಬೇಕು? ಡೆಲ್ಮರ್ ನನ್ನ ಮುಖ ನೋಡಿದ. ನಾನು ಕಾನ್‌ಸ್ಟನ್ಸಳ ಕಿವಿಯೋಲೆ ಹೊಗಳಿದೆ.

ಮನೆಗೆ ಬಂದು ನೋಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಚಿತ್ರದಿಂದ ಮೊದಲನೇ ಸಂಪಾದನೆ" ಎಂದು ನಕ್ಕ.

ಮಾರ್ಚ್ 21, ಶನಿವಾರ

ನಾಚಿಕೆಯಾಗುತ್ತಿದೆ. ಏನೂ ಬರೆಯಲಾರೆ.

ಮಾರ್ಚ್ 24, ಮಂಗಳವಾರ

ಹೊರಗೆ ಇನ್ನೂ ಹಿಮ ಕರಗಿಲ್ಲ, ನಾನು ಮಳೆಗಾಲದ ತೆಳು ಅಂಗಿ ಹಾಕಿಕೊಂಡು ಹೋಗಿ ನಡುಗಿದೆ. ನೀಲಿ ಕೋಟು ಬೀರುವಿನಲ್ಲಿದೆ. "ಕೋಟೆಲ್ಲಿ?" ಅಂದಳು ಕಾನ್‌ಸ್ಟನ್ಸ್. "ಲಾಂಡ್ರಿಗೆ ಕೊಟ್ಟಿದೀನಿ" ಅಂದೆ.

ಬೆಳಗಿನ ತಂಡವನ್ನು ಕೋಟು ಕೋಣೆಯ ಕಡೆ ತಿರುಗಲೂ ಬಿಡದೆ ಮೆಟ್ಟಿಲು ಹತ್ತಿಸಿದೆ. ಆದರೆ ಮಧ್ಯಾಹ್ನ ಹೊರಡುವಾಗ ಕಾನ್‌ಸ್ಟನ್ಸ್ ಆ ಚಿತ್ರದ ಮುಂದೆ ನಿಂತುಬಿಟ್ಟಳು.

"ಅಯ್ಯೋ, ಈ ಹೆಂಗಸನ್ನ ನೋಡ್ರೀ. ದೋಣಿ ಮೇಲೆ ನಿಂತಿರೋ ನಿಂಬೆಹಣ್ಣು! ಬರ್ದಿರೋರು ಹಾಲ್ವರ್‌ಸನ್. ನಿಮ್ಮದೂ ಅದೇ ಮನೆತನ ಅಲ್ವಾ, ನಿಮ್ಮ ಕಡೆಯವರಾ?"

"ಈ ಊರಲ್ಲಿ ಕಲ್ಲೆಸೆದ್ರೆ ಯಾವ್ದಾದ್ರೂ ಹಾಲ್ವರ್‌ಸನ್ ಮನೆಗೇ ಬೀಳೋದು" ಅಂದೆ. ಅವಳು ನಕ್ಕಳು. ನಾನೂ ನಕ್ಕೆ. ಸಾಕಷ್ಟು ಜೋರಾಗಿಯೇ ನಕ್ಕೆ. ನಿಂಬೆಹಣ್ಣು ಅಂದದ್ದು ಮೊದಲು ನಾನೇ ಅಲ್ಲವೇ, ಈ ಪುಸ್ತಕದಲ್ಲಿ. ಅವಳ ಬಾಯಲ್ಲಿ ಕೇಳಿದ ಮೇಲೆ ಮಾತ್ರ ಅಲ್ಲಿ ನಿಲ್ಲಲಾಗದೆ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ.

ಡೆಲ್ ರಾತ್ರಿ ಊಟಕ್ಕೆ ಬರೀ ಸೂಪು ಸಾಕು ಅಂದ.

ಮಾರ್ಚ್ 31, ಮಂಗಳವಾರ

ಮತ್ತೆ ಹಿಮ ಬಿತ್ತು ಎಂದು ಡೆಲ್ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ. ನಾನು ಮೇಲಿಂದ ಇಳಿಯುವ ಹೊತ್ತಿಗೆ ಥಿಯಾ ಅವನ ಜೊತೆ ಮಾತಾಡುತ್ತಿದ್ದಳು. ಕಾರಿನಲ್ಲಿ ಸೇತುವೆ ದಾಟಿದ ಮೇಲೆ ಅವನು ಮಾತು ತೆಗೆದ.

"ದೊಡ್ಡ ಗೋಡೆ ಬೇಡ, ಮುಜುಗರ ಆಗುತ್ತೆ ಅಂತ ನಾನು ಹೇಳಿದ್ನಂತೆ. ಆ ಹುಡುಗಿ ಹೇಳಿದ್ಲು. ಪಾಪ, ನನ್ನ ಮಾತು ನಡೆಸಿಕೊಟ್ಟೆ ಅನ್ನೋ ಖುಷಿ ಅವಳಿಗೆ."

ನಾನು ಕಿಟಕಿಯಾಚೆ ನೋಡಿದೆ.

"ನಿನಗೆ ಮುಜುಗರ ಆಗುತ್ತೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಮಾರ್ವಾ. ನಾನು ಕೊಡ್ತಾನೇ ಇರ್ಲಿಲ್ಲ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲ. ಗ್ಯಾರೇಜಿಗೆ ಹೋಗಿ ಕುಂಚಗಳನ್ನೆಲ್ಲ ತೊಳೆದು ಒರೆಸಿ ಮೇಲಿನ ಹಲಗೆಯ ಮೇಲಿಟ್ಟ. ಬಣ್ಣದ ಡಬ್ಬಿಗಳ ಮುಚ್ಚಳಕ್ಕೆ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿದ. ಆ ಸದ್ದು ಅಡುಗೆಮನೆಗೆ ಕೇಳುತ್ತಿತ್ತು.

ಏಪ್ರಿಲ್ 5, ಈಸ್ಟರ್

ಚರ್ಚಿನಲ್ಲಿ ಕಾಫಿ, ಮನೆಯಲ್ಲಿ ಹ್ಯಾಮ್. ಡೆಲ್ ಎರಡು ಚೂರು ತಿಂದ, ಸಿಹಿಗೆಂದು ಮಾಡಿದ್ದ ರೂಬಾರ್ಬ್ ಪೈ ಮುಟ್ಟಲಿಲ್ಲ. ಪೈ ಬೇಡ ಅಂದವನೇ ಅಲ್ಲ ಅವನು. ಊಟವಾದ ಮೇಲೆ ಗ್ಯಾರೇಜಿಗೆ ಹೋಗಿ ಸುಮ್ಮನೆ ಕೂತಿದ್ದು ಬಂದ. ಅಂಗಿಯಿಂದ ಬಣ್ಣದ ವಾಸನೆ ಬರುತ್ತದೇನೋ ಎಂದು ಮೂಸಿ ನೋಡಿದೆ. ಬರೀ ಸಾಬೂನು.

ಏಪ್ರಿಲ್ 7, ಮಂಗಳವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ವೃದ್ಧಾಶ್ರಮದ ತಂಡ ಬಂದಿತ್ತು, ಎಲ್ಲರೂ ಎಂಬತ್ತು ದಾಟಿದವರು. ಜೊತೆಗೆ ಕಾನ್‌ಸ್ಟನ್ಸ್ ಇದ್ದಳು. ಎಲ್ಲ ಮುಗಿಸಿ ಕೆಳಗೆ ಬಂದರೆ ಅವರ ವ್ಯಾನು ಬಂದಿರಲಿಲ್ಲ. ಕೋಟು ಕೋಣೆಯ ಮುಂದೆ ಕುರ್ಚಿ ಹಾಕಿ ಎಲ್ಲರನ್ನೂ ಕೂರಿಸಿದೆವು.

"ಸುಮ್ನೆ ಯಾಕೆ ಕೂರೋದು? ಮಾರ್ವಾ, ಇದರ ಬಗ್ಗೆನೇ ಅವರನ್ನ ಕೇಳಿ" ಎಂದು ಕಾನ್‌ಸ್ಟನ್ಸ್ ಆ ಚಿತ್ರ ತೋರಿಸಿ ನನಗೆ ಕಣ್ಣು ಮಿಟುಕಿಸಿದಳು.

ನಮ್ಮ ಪದ್ಧತಿ ಹೀಗೆ: ಗೈಡು ತಾನಾಗಿ ಏನೂ ಹೇಳುವಂತಿಲ್ಲ, ಚೆನ್ನಾಗಿದೆ ಅನ್ನುವಂತಿಲ್ಲ, ಇಲ್ಲ ಅನ್ನುವಂತಿಲ್ಲ. ಬರೀ ಕೇಳಬೇಕು. ಅವರು ಹೇಳಿದ್ದನ್ನು ಎಲ್ಲರಿಗೂ ಕೇಳುವ ಹಾಗೆ ತನ್ನ ಬಾಯಿಂದ ಇನ್ನೊಮ್ಮೆ ಹೇಳಬೇಕು. ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ ಅನ್ನುತ್ತಾರೆ.

"ಈ ಚಿತ್ರದಲ್ಲಿ ಏನು ನಡೀತಿದೆ?" ಅಂದೆ.

"ಯಾರೋ ಮನೆ ಬಿಟ್ಟು ಹೋಗ್ತಿದಾಳೆ" ಅಂದ ಒಬ್ಬ ಮುದುಕ.

"ಏನು ನೋಡಿ ಹಾಗನ್ನಿಸ್ತು?"

"ಕೋಟು ಹಾಕಿದಾಳೆ, ಬ್ಯಾಗು ತಗೊಂಡಿದಾಳೆ, ತಿರುಗಿ ನೋಡ್ತಿಲ್ಲ. ನನ್ನ ಮೊದಲನೇ ಹೆಂಡ್ತಿ ಹೀಗೇ ಹೋದ್ಲು." ಎಲ್ಲರೂ ನಕ್ಕರು.

"ತಿರುಗಿ ನೋಡ್ತಿಲ್ಲ ಅಂತೀರಿ. ಇನ್ನೇನು ಕಾಣ್ತಿದೆ?"

ಊರುಗೋಲಿನ ಮೇಲೆ ಗಲ್ಲ ಊರಿ ಕೂತಿದ್ದ ಆಲ್ಡಾ ಎಂಬ ಮುದುಕಿ ಕೋಲೆತ್ತಿ ಚಿತ್ರ ತೋರಿಸಿದಳು. "ಬರ್ದೋನು ನೆಲದ ಮೇಲೆ ಬಿದ್ದಿದಾನೆ" ಅಂದಳು.

"ಏನು ನೋಡಿ..."

"ಮೇಜಿನ ಅಡಿ ಕಾಣ್ತಿಲ್ವೇನಮ್ಮ? ನಾನು ಸೊಂಟ ಮುರ್ಕೊಂಡು ಅಡುಗೆಮನೇಲಿ ಬಿದ್ದಿದ್ನಲ್ಲ, ಪೋಸ್ಟಿನವನು ಬರೋ ತನಕ ನಾನು ನೋಡಿದ್ದು ಇದನ್ನೇ. ಅವನು ಬಂದು ನಿಂತಾಗ ಬೂಟು ಇಷ್ಟು ದೊಡ್ಡದು, ತಲೆ ಎಲ್ಲೋ ಮೇಲೆ, ಸಣ್ಣದು. ಕೆಳಗಿಂದ ಹೀಗೇ ಕಾಣೋದು."

ನಾನು ತಿರುಗಿ ಚಿತ್ರ ನೋಡಿದೆ. ಹನ್ನೆರಡು ವರ್ಷದಿಂದ ಊರವರಿಗೆಲ್ಲ ನೋಡಿ ನೋಡಿ ಎಂದು ಕಲಿಸಿದವಳು ಇದನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. "ಇನ್ನೇನು ಕಾಣ್ತಿದೆ?" ಎಂದು ಬಾಯಿ ತಾನಾಗಿ ಕೇಳಿತು. ಕೇಳಬಾರದಿತ್ತು.

"ಆ ಬೆಳ್ಳಿ ಗೆರೆ. ತಟ್ಟೆ ಮೇಲೆ ಮುಚ್ಚಿರೋ ಫಾಯಿಲ್ ಅದು, ಅಂಚು ಮಾತ್ರ ಕಾಣ್ತಿದೆ. ಊಟ ಮೇಲಿದೆ. ಇವನು ಕೆಳಗಿದಾನೆ. ಕೈಗೆ ಎಟುಕಲ್ಲ."

ಅವರು ಹೇಳಿದ್ದನ್ನು ನಾನು ಹೇಳಬೇಕಲ್ಲ. ಎಲ್ಲರೂ ಕಾಯುತ್ತಿದ್ದರು. "ಊಟ ಮೇಲಿದೆ" ಅಂದೆ. "ಅವನು ಕೆಳಗಿದಾನೆ ಅಂತೀರಿ." ಮುಂದಿನದು ಬರಲಿಲ್ಲ. ಆ ತಟ್ಟೆಗಳು. ಹಸಿವಿಲ್ಲ ಅಂದದ್ದು. ನಾನು ಬೈದದ್ದು. ಅವನ ಕಣ್ಣೆದುರಿಗೇ ಬೆಕ್ಕಿಗೆ ಹಾಕಿದ್ದು.

"ಕೆಟ್ಟವಳಲ್ಲ ಬಿಡಿ" ಅಂದಳು ಆಲ್ಡಾ, ನನ್ನ ಮುಖ ನೋಡಿ ಏನನ್ನಿಸಿತೋ. "ಬೇಯ್ಸಿ ಮುಚ್ಚಿಟ್ಟಿದಾಳಲ್ಲ. ಅವಸರ, ಅಷ್ಟೇ."

"ಯಾರಂತೆ ಆ ಹೆಂಗಸು? ನಿಮಗೇನಾದ್ರೂ ಗೊತ್ತಾ?" ಎಂದು ಮುದುಕ ಕೇಳಿದ.

ಗೈಡು ಹೇಳುವಂತಿಲ್ಲ. ಹೇಳಿದೆ. "ನಾನೇ."

ಕಾನ್‌ಸ್ಟನ್ಸ್ ನನ್ನನ್ನೂ ಚಿತ್ರವನ್ನೂ ನೋಡಿದಳು. "ಹಾಗಾದ್ರೆ ಹಾಲ್ವರ್‌ಸನ್... ಅವತ್ತು ಕೋಟು ಇಸ್ಕೊಂಡೋರು..."

"ನನ್ನ ಗಂಡ ಕಣ್ರೀ. ಡೆಲ್ಮರ್."

ಅವಳ ಮುಖ ಕೆಂಪಾಯಿತು. ಅವಳದ್ದೇನೂ ತಪ್ಪಿಲ್ಲ. ಅವಳಿಗೆ ಗೊತ್ತಿರಲಿಲ್ಲ.

ಏಪ್ರಿಲ್ 8, ಬುಧವಾರ

ಬೆಳಿಗ್ಗೆ ಕಾಫಿ ಬಗ್ಗಿಸುತ್ತಾ ಕೇಳಿದೆ. "ಊಟ ಎಟುಕ್ತಿಲ್ಲ ಅಂತ ಯಾಕೆ ಹೇಳ್ಲಿಲ್ಲ ಡೆಲ್?"

ಅವನು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನೀನು ಮಂಗಳವಾರ ಹೋಗ್ತಿರ್ಲಿಲ್ಲ."

"ಹೋಗ್ತಿರ್ಲಿಲ್ಲ. ಏನಾಗ್ತಿತ್ತು?"

"ನೀನು ಹೊರಡೋ ಹೊತ್ತಲ್ಲಿ ಹೇಗಿರ್ತೀಯ ಅಂತ ನಿನಗೆ ಗೊತ್ತಿಲ್ಲ. ಹಾಡು ಗುನುಗ್ತೀಯ. ಉಳಿದ ಆರು ದಿನ ಈ ಮನೇಲಿ ಆ ಹಾಡು ಕೇಳ್ಸಲ್ಲ ಕಣೆ. ಅದನ್ನೇ ಬರೆಯೋಕೆ ಹೋದೆ, ಬರ್ಲಿಲ್ಲ. ಮೇಜೇ ಜಾಸ್ತಿ ಆಗೋಯ್ತು."

ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತೆ. ಇಷ್ಟು ಸಣ್ಣವಳಾಗಿ ನನಗೆ ನಾನು ಯಾವತ್ತೂ ಕಂಡಿರಲಿಲ್ಲ.

ಏಪ್ರಿಲ್ 14, ಮಂಗಳವಾರ

ಥಿಯಾಳಿಗೆ ನಿಜ ಹೇಳಿದೆ. ಸುಳ್ಳು ನನ್ನದು, ಅವನದಲ್ಲ ಎಂದೆ. ಅವಳು ಸುತ್ತಿಗೆ ತಂದು, ಪ್ರದರ್ಶನದ ಉಳಿದ ದಿನಗಳಿಗಾದರೂ ಆಗಲಿ ಎಂದು ಚಿತ್ರವನ್ನು ದೊಡ್ಡ ಗೋಡೆಗೆ ಹಾಕಿದಳು. ನೀಲಿ ಕೋಟು ಹಾಕಿಕೊಂಡೇ ಕೆಳಗೆ ನಿಂತು ಓರೆಯಾಗಿದೆಯೇ ಎಂದು ನೋಡಿ ಹೇಳಿದೆ.

ಮನೆಗೆ ಬಂದು ಡೆಲ್‌ಗೆ ಹೇಳಿದರೆ, "ಕೋಟು ಕೋಣೆ ಹತ್ರಾನೇ ಚೆನ್ನಾಗಿತ್ತು" ಅಂದ. ನೋಡಲು ಬರಲಿಲ್ಲ. ಕರೆಯಲು ನನಗೂ ಮುಖವಿಲ್ಲ. ಸಂಜೆ ಮೀನು ಕರಿದೆ. ಎರಡು ಸಲ ಹಾಕಿಸಿಕೊಂಡ.

ಏಪ್ರಿಲ್ 19, ಭಾನುವಾರ

ಪ್ರದರ್ಶನ ಮುಗಿಯಿತು. ಚಿತ್ರ ಮನೆಗೆ ಬಂತು. ಅವನು ಅದನ್ನು ಗ್ಯಾರೇಜಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಕುಂಚಗಳು ಇನ್ನೂ ಮೇಲೇ ಇವೆ.

ಏಪ್ರಿಲ್ 21, ಮಂಗಳವಾರ

ಬೆಳಿಗ್ಗೆ ಸ್ನಾನ ಮಾಡಿ, ಕೋಟು ಹಾಕಿ, ಬ್ಯಾಗು ತೆಗೆದುಕೊಂಡು ಹೊರಡಲು ಸಿದ್ಧಳಾದೆ. ಡೆಲ್ಮರ್‌ಗೆ ಮಧ್ಯಾಹ್ನಕ್ಕೆ ಮಾಡಿದ್ದನ್ನು ತಟ್ಟೆಗೆ ಹಾಕಿ, ಫಾಯಿಲ್ ಮುಚ್ಚಿ, ಕೈ ಅಭ್ಯಾಸದಂತೆ ಮೇಜಿನ ಮೇಲಿಟ್ಟಿತು. ಈಗ ಅವನು ಓಡಾಡುತ್ತಾನೆ, ಎತ್ತಿಕೊಂಡು ತಿನ್ನುತ್ತಾನೆ, ಗೊತ್ತು. ಆದರೂ ಕಾಲು ಬಾಗಿಲ ಕಡೆ ಏಳಲಿಲ್ಲ.

ಹಜಾರಕ್ಕೆ ಬಂದು, ಅವನ ಹಾಸಿಗೆ ಇದ್ದ ಕಡೆ, ಕೋಟು ಹಾಕಿಕೊಂಡೇ ನೆಲದ ಮೇಲೆ ಮಲಗಿದೆ. ಈ ವಯಸ್ಸಿಗೆ ಅದೂ ಒಂದು ಸಾಹಸವೇ. ತಲೆ ತಿರುಗಿಸಿದೆ. ಮೇಜಿನ ಅಡಿ ಕಂಡಿತು, ಹಲಗೆಯ ಗಂಟುಗಳು, ಬೊಡ್ಡೆಯಂಥ ಕಾಲುಗಳು. ಎಲ್ಲ ಅವನು ಬರೆದ ಹಾಗೇ. ಬೆಳ್ಳಿ ಗೆರೆ ಮಾತ್ರ ಕಾಣಲಿಲ್ಲ.

ಗ್ಯಾರೇಜಿನಿಂದ ಬಂದ ಡೆಲ್ ಗಾಬರಿಯಾದ. "ಏನಾಯ್ತೇ? ಬಿದ್ಯಾ?"

"ಇಲ್ಲ. ನೋಡ್ತಿದೀನಿ."

ಅವನು ನಿಂತೇ ಇದ್ದ. ಬೂಟುಗಳು ದೋಣಿಯಷ್ಟು, ತಲೆ ಎಲ್ಲೋ ಮೇಲೆ. ಮುಖದಲ್ಲಿ ಏನಿದೆ ಎಂದು ಅಲ್ಲಿಂದ ತಿಳಿಯಲಿಲ್ಲ.

"ಫಾಯಿಲ್ ಕಾಣ್ತಿಲ್ಲ" ಅಂದೆ.

ಅವನು ಮೇಜು ನೋಡಿದ, ನನ್ನನ್ನು ನೋಡಿದ, ಗಲ್ಲ ಕೆರೆದುಕೊಂಡ. "ಇನ್ನೂ ಎಡಕ್ಕೆ ಬಾ. ನನ್ನ ತಲೆ ಅಲ್ಲಿರ್ಲಿಲ್ಲ."

ಜರುಗಿದೆ.

"ಇನ್ನೂ ಸ್ವಲ್ಪ. ಹಾಂ. ಈಗ?"

ಈಗ ಕಂಡಿತು.